ತೇರು ಒಬ್ಬರ ಕೈಲಿ, ಎಳೆಯುವವರು ಇನ್ನೊಬ್ಬರ ಕಡೆ: ಇಂಡಿ ರೇಸ್ ಎರಡಾದ ಕಥೆ

ಮೇ ತಿಂಗಳ ಕೊನೆಯ ಭಾನುವಾರ. ಸಂಜೆ ಆರೂವರೆಗೆ ಶುರುವಾದ ಮೊನಾಕೊ ಎಫ್ ಒನ್ ರೇಸನ್ನು ನಾನೂ ಅಕ್ಕನ ಮಗನೂ ಒಟ್ಟಿಗೆ ಕೂತು ನೋಡಿದ್ದೆವು. ಊಟ ಆಯ್ತು. ಅವನು ಮಲಗೋಕೆ ಹೊರಟ. ನಾನು ಮಾತ್ರ ರಾತ್ರಿ ಹತ್ತೂಕಾಲರ ಇಂಡಿ 500 ಅನ್ನೋ ಅಮೆರಿಕದ ರೇಸಿಗೆ ಕಾಯುತ್ತಾ ಕೂತಿದ್ದೆ. ಆಲ್ದೂರಿನ ನಮ್ಮ ಮನೆಯಲ್ಲಿ ಮೇ ತಿಂಗಳೆಂದರೆ ಗುಡುಗು ಕೇಳಿದ ಕೂಡಲೇ ಕರೆಂಟ್ ಹೋಗುವ ಕಾಲ. ಅವತ್ತೂ ಹೋಯ್ತು.

ಕತ್ತಲಲ್ಲಿ ಅವನು ಕೇಳಿದ: "ಮಾವ, ಎಫ್ ಒನ್ ಇರುವಾಗ ಇದನ್ನ ಯಾಕೆ ನೋಡ್ತೀರಾ? ಎರಡೂ ಒಂದೇ ಥರದ ಕಾರು. ಇದು ಅದರ ಡೂಪ್ಲಿಕೇಟ್ ತಾನೇ?"

ಕರೆಂಟ್ ಬರುವವರೆಗೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಎಫ್ ಒನ್ ನೋಡುವವರು ನಮ್ಮ ಜಿಲ್ಲೆಯಲ್ಲಿ ಈಗ ಜಾಸ್ತಿ ಆಗಿದ್ದಾರೆ. ಮೋಟಾರು ಹುಚ್ಚು ನಮಗೆ ಹೊಸದೂ ಅಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುರಸ್ತೆಗಳಲ್ಲಿ ರಾಷ್ಟ್ರಮಟ್ಟದ ರ‍್ಯಾಲಿಗಳು ನಡೆದಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತೂ ಇಲ್ಲಿಗೆ ಬಂದಿತ್ತು. ದರೆಯ ಮೇಲೆ ನಿಂತು ಕೆಂಪು ಧೂಳು ಕುಡಿದವರು ಎಷ್ಟೋ ಜನ. ಆದರೆ ಅಮೆರಿಕದಲ್ಲಿ ಇದೇ ಓಪನ್ ವೀಲ್ ರೇಸು ಹನ್ನೆರಡು ವರ್ಷ ಎರಡು ಪಾಲಾಗಿ, ಅಭಿಮಾನಿಗಳು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆಗಿತ್ತು ಅನ್ನೋದು ತುಂಬ ಜನಕ್ಕೆ ಗೊತ್ತಿಲ್ಲ.

ಮೊದಲು ಓಪನ್ ವೀಲ್ ಅಂದರೇನು ಅಂತ ನೋಡೋಣ. ರ‍್ಯಾಲಿ ಕಾರಿನ ಚಕ್ರ ಬಾಡಿಯ ಒಳಗಿರುತ್ತದೆ. ಓಪನ್ ವೀಲ್ ಕಾರಿನಲ್ಲಿ ನಾಲ್ಕೂ ಚಕ್ರ ಹೊರಗೆ, ಮೇಲೆ ಮಡ್‌ಗಾರ್ಡ್ ಇಲ್ಲ, ಒಬ್ಬನಿಗೆ ಮಾತ್ರ ಸೀಟು. ಓಡುವ ಟೈರಿನ ಹಿಂಭಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತಿರುಗುತ್ತಿರುತ್ತದೆ. ಹಿಂದಿನ ಕಾರಿನ ಮುಂಚಕ್ರ ಅದಕ್ಕೆ ತಾಗಿತೋ, ಆ ಟೈರು ಹಿಂದಿನ ಕಾರನ್ನೇ ಎತ್ತಿ ಗಾಳಿಗೆ ಎಸೆಯುತ್ತದೆ. ಅದಕ್ಕೇ ಇಲ್ಲಿ ಉಜ್ಜಿಕೊಂಡು ನುಗ್ಗುವ ಆಟ ನಡೆಯೋದಿಲ್ಲ. ಒಂದು ಗೇಣು ಜಾಗ ಬಿಟ್ಟುಕೊಂಡೇ ಓಡಿಸಬೇಕು. ಎಫ್ ಒನ್, ಇಂಡಿ 500 ಸೇರಿರುವ ಅಮೆರಿಕದ ಸರಣಿ ಇಂಡಿಕಾರ್, ಎರಡೂ ಈ ಜಾತಿಯವೇ.

ಇನ್ನು ಯಾವುದು ಜೋರು ಅನ್ನೋ ಪ್ರಶ್ನೆ. 2019ರಲ್ಲಿ ಅಮೆರಿಕದ ಆಸ್ಟಿನ್ ಟ್ರ್ಯಾಕಿನಲ್ಲಿ ಎರಡೂ ಸರಣಿಗಳು ಓಡಿದವು. ಇಂಡಿಕಾರ್‌ನ ಪೋಲ್ ಸಮಯ, ಅಂದರೆ ರೇಸಿಗೆ ಮುಂಚಿನ ಅರ್ಹತಾ ಓಟದ ಅತಿ ವೇಗದ ಸುತ್ತು, 1 ನಿಮಿಷ 46 ಸೆಕೆಂಡ್. ಎಫ್ ಒನ್‌ನದ್ದು 1 ನಿಮಿಷ 32 ಸೆಕೆಂಡ್. ಒಂದೇ ಸುತ್ತಿಗೆ 14 ಸೆಕೆಂಡ್ ವ್ಯತ್ಯಾಸ, ಸಣ್ಣದಲ್ಲ. ಎಫ್ ಒನ್ ತಂಡಗಳು ತಮ್ಮ ಕಾರನ್ನು ತಾವೇ ವಿನ್ಯಾಸ ಮಾಡುತ್ತವೆ. ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ವಿದ್ಯೆಗೆ ಕೋಟಿಗಟ್ಟಲೆ ಸುರಿಯುತ್ತವೆ. ಇಂಡಿಕಾರ್‌ನಲ್ಲಿ 2012ರಿಂದ ಎಲ್ಲರಿಗೂ ದಲ್ಲಾರಾ ಕಂಪನಿಯ ಒಂದೇ ಚಾಸಿ, ಅಂದರೆ ಕಾರಿನ ಚೌಕಟ್ಟು. ಎಂಜಿನ್ ಹೋಂಡಾದ್ದು, ಇಲ್ಲವೇ ಶೆವರ್ಲೆಯದ್ದು. ಪವರ್ ಸ್ಟೀರಿಂಗ್ ಕೂಡ ಇಲ್ಲ, ತೋಳಿನ ಬಲದಲ್ಲೇ ತಿರುಗಿಸಬೇಕು.

ಆದರೆ ಅದೇ ಇಂಡಿಕಾರನ್ನು ಮೊಟ್ಟೆಯಾಕಾರದ ಓವಲ್ ಟ್ರ್ಯಾಕಿಗೆ ಬಿಟ್ಟು ನೋಡಿ. 1996ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಆರಿ ಲೈಯನ್‌ಡೈಕ್ ನಾಲ್ಕು ಸುತ್ತು ಹಾಕಿದ ಸರಾಸರಿ ವೇಗ ಗಂಟೆಗೆ 381 ಕಿಲೋಮೀಟರ್. ಗಮನಿಸಿ, ಇದು ಸರಾಸರಿ. ನಾಲ್ಕು ತಿರುವುಗಳನ್ನೂ ಸೇರಿಸಿ. ಎಫ್ ಒನ್‌ನ ಅತಿ ವೇಗದ ಸುತ್ತು 2025ರಲ್ಲಿ ಮೊಂಜಾದಲ್ಲಿ ಬಂದದ್ದು, ಅದರ ಸರಾಸರಿ 264. ಅರೇಬಿಕಾ ಬೆಳೆಯುವ ಎತ್ತರ ಬೇರೆ, ರೊಬಸ್ಟಾ ಬೆಳೆಯುವ ಎತ್ತರ ಬೇರೆ. ಇದೂ ಹಾಗೇ.

ಅಭಿಮಾನಿಗಳ ಜಗಳ ಮಾತ್ರ ಇದರಿಂದ ನಿಲ್ಲೋದಿಲ್ಲ. ಮಾರ್ಕಸ್ ಎರಿಕ್ಸನ್ ಎಫ್ ಒನ್‌ನಲ್ಲಿ 97 ರೇಸ್ ಓಡಿಸಿದ. ಒಂದು ಸಲವೂ ಮೊದಲ ಮೂರರಲ್ಲಿ ಬರಲಿಲ್ಲ. ಅದೇ ಮನುಷ್ಯ 2022ರಲ್ಲಿ ಇಂಡಿ 500 ಗೆದ್ದ. "ನೋಡಿ, ಸಮನಾದ ಕಾರು ಕೊಟ್ಟರೆ ಅವನ ಕೈಚಳಕ ಗೊತ್ತಾಯ್ತು" ಅನ್ನುತ್ತಾರೆ ಇಂಡಿಯವರು. "ನೋಡಿ, ಎಫ್ ಒನ್‌ನಲ್ಲಿ ಆಗದವನು ಅಲ್ಲಿ ಗೆಲ್ಲುತ್ತಾನೆ" ಅನ್ನುತ್ತಾರೆ ಎಫ್ ಒನ್‌ನವರು. ಒಂದೇ ಸಂಗತಿ, ಇಬ್ಬರಿಗೂ ಸಾಕ್ಷಿ.

ಇದು ಹೊರಗಿನವರ ಜೊತೆಗಿನ ಜಗಳ. ನಿಜವಾಗಿ ಗಾಯ ಮಾಡಿದ್ದು ಮನೆಯೊಳಗಿನ ಜಗಳ.

ಇಂಡಿಯಾನಾಪೊಲಿಸ್ ಟ್ರ್ಯಾಕ್ ಅನ್ನೋದು ಸುಮ್ನೆ ಒಂದು ಟ್ರ್ಯಾಕ್ ಅಲ್ಲ. ನಾಲ್ಕು ಕಿಲೋಮೀಟರ್ ಸುತ್ತಳತೆ, ಸುಮಾರು ಎರಡೂವರೆ ಲಕ್ಷ ಸೀಟು. 1911ರಿಂದ ಅಲ್ಲಿ 500 ಮೈಲಿಯ ರೇಸ್ ನಡೆಯುತ್ತಿದೆ. ಒಂದು ಕಾಲಕ್ಕೆ ಇಡೀ ಟ್ರ್ಯಾಕಿಗೆ 32 ಲಕ್ಷ ಇಟ್ಟಿಗೆ ಹಾಸಿದ್ದರು. ಈಗಲೂ ಗೆರೆ ದಾಟುವ ಜಾಗದಲ್ಲಿ ಒಂದು ಗಜದಷ್ಟು ಇಟ್ಟಿಗೆ ಹಾಗೇ ಉಳಿಸಿದ್ದಾರೆ. ಗೆದ್ದವರು ಅಲ್ಲಿ ಹಾಲು ಕುಡಿಯುತ್ತಾರೆ. ಇದರ ಮೂಲ ನನಗೆ ತುಂಬ ಇಷ್ಟ: 1936ರಲ್ಲಿ ಗೆದ್ದ ಲೂಯಿಸ್ ಮೇಯರ್ ಕುಡಿದದ್ದು ಮಜ್ಜಿಗೆ. ಬಿಸಿಲಲ್ಲಿ ದಣಿದು ಬಂದವನಿಗೆ ಮಜ್ಜಿಗೆಗಿಂತ ಇನ್ನೇನು ಬೇಕು?

ವರ್ಷವಿಡೀ ಸರಣಿಯಲ್ಲಿ ಎಷ್ಟೇ ರೇಸ್ ನಡೆದರೂ ಜನಕ್ಕೆ ಇದೊಂದೇ ದೊಡ್ಡದು. ಎಫ್ ಒನ್‌ನಲ್ಲಿ ಮೊನಾಕೊ ದೊಡ್ಡದು, ಆದರೆ ಚಾಂಪಿಯನ್‌ಶಿಪ್ ಅದಕ್ಕಿಂತ ದೊಡ್ಡದು. ಇಂಡಿಯಲ್ಲಿ ಉಲ್ಟಾ. ಇಲ್ಲಿ ತೇರಿನ ದಿನವೇ ವರ್ಷಕ್ಕಿಂತ ದೊಡ್ಡದು. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಟ್ರ್ಯಾಕಿನ ಯಜಮಾನಿಕೆ 1945ರಿಂದ ಹಲ್ಮನ್ ಮನೆತನದ್ದಾಗಿತ್ತು. ರೇಸಿನ ನಿಯಮ ನೋಡಿಕೊಳ್ಳುತ್ತಿದ್ದದ್ದು ಯುಸ್ಯಾಕ್ ಅನ್ನೋ ಸಂಸ್ಥೆ. ತಂಡದ ಮಾಲೀಕರಿಗೆ ಸಿಟ್ಟಿತ್ತು. ಖರ್ಚು ನಮ್ಮದು, ಪ್ರಾಣ ನಮ್ಮ ಡ್ರೈವರುಗಳದ್ದು, ದುಡ್ಡು ಮಾತ್ರ ಕಮ್ಮಿ, ಮಾತಿಗೂ ಬೆಲೆ ಇಲ್ಲ ಅಂತ. 1978ರಲ್ಲಿ ಹಳೆ ಡ್ರೈವರ್, ತಂಡದ ಮಾಲೀಕ ಡ್ಯಾನ್ ಗರ್ನಿ ಇದನ್ನೆಲ್ಲ ಬರೆದು ಉಳಿದ ಮಾಲೀಕರ ಮುಂದಿಟ್ಟ. ಅದಕ್ಕೆ ಸ್ವಲ್ಪ ಮುಂಚೆ, 1977ರ ಅಕ್ಟೋಬರಿನಲ್ಲಿ, ಎಲ್ಲರೂ ಗೌರವಿಸುತ್ತಿದ್ದ ಯಜಮಾನ ಟೋನಿ ಹಲ್ಮನ್ ತೀರಿಕೊಂಡಿದ್ದರು. 1978ರ ಏಪ್ರಿಲಿನಲ್ಲಿ ವಿಮಾನ ಬಿದ್ದು ಯುಸ್ಯಾಕ್‌ನ ಎಂಟು ಅಧಿಕಾರಿಗಳು ಸತ್ತರು. ಬುದ್ಧಿ ಹೇಳಿ ಕೂರಿಸುವ ಹಿರಿಯರು ಉಳಿಯಲಿಲ್ಲ. ರೋಜರ್ ಪೆನ್ಸ್ಕೆ, ಪ್ಯಾಟ್ ಪ್ಯಾಟ್ರಿಕ್ ಮೊದಲಾದ ಮಾಲೀಕರು ಸೇರಿ ಕಾರ್ಟ್ ಅನ್ನೋ ತಮ್ಮದೇ ಸರಣಿ ಕಟ್ಟಿದರು. 1979ರ ಇಂಡಿಗೆ ಇವರ ಕಾರುಗಳನ್ನು ಸೇರಿಸೋದಿಲ್ಲ ಅಂತ ಯುಸ್ಯಾಕ್ ಹಟ ಹಿಡಿಯಿತು. ಕೋರ್ಟು ಬಿಡಿ ಅಂದಿತು.

ಆಮೇಲೆ ಒಂದು ರಾಜಿ ನಡೆದುಕೊಂಡು ಬಂತು. ತೇರು ಗುಡಿಯವರದ್ದು, ಎಳೆಯುವವರು ಕಾರ್ಟ್‌ನವರು. ಇಂಡಿ 500 ಯುಸ್ಯಾಕ್ ಕೈಲೇ ಇತ್ತು, ಆದರೆ ಅದರ ಅಂಕಗಳು ಕಾರ್ಟ್ ಚಾಂಪಿಯನ್‌ಶಿಪ್‌ಗೂ ಸೇರುತ್ತಿದ್ದವು. ಈ ರಾಜಿಯಲ್ಲೇ ಸರಣಿ ಹೊಳೆಯಿತು. ಎಷ್ಟು ಅಂದರೆ, 1992ರ ಎಫ್ ಒನ್ ಚಾಂಪಿಯನ್ ನೈಜೆಲ್ ಮ್ಯಾನ್ಸೆಲ್ ಎಫ್ ಒನ್ ಬಿಟ್ಟು ಇಲ್ಲಿಗೆ ಬಂದ. 1993ರಲ್ಲಿ ಇಲ್ಲಿಯೂ ಚಾಂಪಿಯನ್ ಆದ. 1995ರಲ್ಲಿ ಇಂಡಿ 500 ಮತ್ತು ಕಾರ್ಟ್ ಪಟ್ಟ ಎರಡನ್ನೂ ಗೆದ್ದ ಜಾಕ್ ವಿಲ್ನೆವ್ ಎಫ್ ಒನ್‌ಗೆ ಹೋಗಿ 1997ರಲ್ಲಿ ಅಲ್ಲಿಯೂ ಗೆದ್ದ. ಎರಡು ಊರಿನ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧ ಇದ್ದ ಹಾಗೆ ಇತ್ತು ಆಗ.

ಅಷ್ಟರಲ್ಲಿ ಹಲ್ಮನ್ ಮೊಮ್ಮಗ ಟೋನಿ ಜಾರ್ಜ್ 1990ರಲ್ಲಿ ಟ್ರ್ಯಾಕಿನ ಅಧ್ಯಕ್ಷನಾಗಿದ್ದ. ಅವನ ದೂರುಗಳು ಸುಳ್ಳಲ್ಲ. ಖರ್ಚು ವಿಪರೀತ ಏರಿದೆ. ಓವಲ್ ಕಮ್ಮಿಯಾಗಿ ರಸ್ತೆ ಟ್ರ್ಯಾಕುಗಳು ಜಾಸ್ತಿ ಆಗಿವೆ. ಅಮೆರಿಕದ ಮಣ್ಣಿನ ಓವಲ್‌ಗಳಲ್ಲಿ ಬೆಳೆದ ಹುಡುಗರಿಗೆ ಜಾಗವಿಲ್ಲ, ದುಡ್ಡು ತರುವ ಹೊರದೇಶದವರಿಗೆ ಸೀಟು. ಸರಣಿ ನಡೆಸುವುದರಲ್ಲಿ ಟ್ರ್ಯಾಕಿನ ಮಾತಿಗೆ ತೂಕವಿಲ್ಲ. 1994ರಲ್ಲಿ ಅವನು ಇಂಡಿ ರೇಸಿಂಗ್ ಲೀಗ್ ಅನ್ನೋ ಹೊಸ ಸರಣಿ ಘೋಷಿಸಿದ. ಜನ ಅದನ್ನು ಐಆರ್‌ಎಲ್ ಅಂದರು. 1996ರಲ್ಲಿ ಅದು ಶುರುವಾಯಿತು.

ದೂರು ನಿಜ, ಸರಿ. ಆದರೆ ಅವನು ಹಿಡಿದ ದಾರಿ ತಪ್ಪು ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಇಂಡಿ 500ಗೆ 33 ಕಾರು. ಮೂರು ಮೂರರ ಹನ್ನೊಂದು ಸಾಲು. ಯಾರು ವೇಗವಾಗಿ ಓಡಿಸುತ್ತಾರೋ ಅವರಿಗೆ ಜಾಗ. ಹೆಸರು, ದುಡ್ಡು ಯಾವುದೂ ನಡೆಯದು. 1994ರಲ್ಲಿ ಎಲ್ಲರನ್ನೂ ಮಣ್ಣು ಮುಕ್ಕಿಸಿದ್ದ ಪೆನ್ಸ್ಕೆ ತಂಡಕ್ಕೆ 1995ರಲ್ಲಿ ವೇಗ ಸಿಗಲಿಲ್ಲ. ಹಿಂದಿನ ವರ್ಷ ಗೆದ್ದ ಅಲ್ ಅನ್ಸರ್ ಜೂನಿಯರ್, ಎರಡು ಸಲ ಗೆದ್ದಿದ್ದ ಎಮರ್ಸನ್ ಫಿಟ್ಟಿಪಾಲ್ಡಿ ಇಬ್ಬರೂ ಮನೆಗೆ ಹೋದರು. ಅಷ್ಟು ನಿಷ್ಠುರ ನಿಯಮ, ಅಷ್ಟೇ ನ್ಯಾಯದ್ದು. 1996ಕ್ಕೆ ಟೋನಿ ಜಾರ್ಜ್ ಇದನ್ನು ಬದಲಿಸಿದ. 33ರಲ್ಲಿ 25 ಜಾಗ ಐಆರ್‌ಎಲ್ ಅಂಕಪಟ್ಟಿಯಲ್ಲಿ ಮುಂದಿರುವವರಿಗೆ ಮೀಸಲು. ಉಳಿದ 8 ಜಾಗಕ್ಕೆ ಮಿಕ್ಕವರು ಹೊಡೆದಾಡಿಕೊಳ್ಳಲಿ. ಅಂದರೆ ಇಂಡಿಗೆ ಬರಬೇಕಾದರೆ ಮೊದಲು ನನ್ನ ಸರಣಿಗೆ ಬಾ ಅಂತ. ತೇರಿನ ಹಗ್ಗ ಹಿಡಿಯೋಕೆ ಮೊದಲು ನನ್ನ ಪಾರ್ಟಿಗೆ ಸೇರು ಅಂದ ಹಾಗೆ.

ಕಾರ್ಟ್‌ನವರು ಬರಲಿಲ್ಲ. ಅದೇ ದಿನ, 1996ರ ಮೇ 26ಕ್ಕೆ, ಮಿಷಿಗನ್‌ನಲ್ಲಿ ಯುಎಸ್ 500 ಅಂತ ತಮ್ಮದೇ ತೇರು ಕಟ್ಟಿದರು. ಒಳ್ಳೆ ಡ್ರೈವರುಗಳೆಲ್ಲ ನಮ್ಮ ಕಡೆ ಅಂತ ಸಾರಿದರು. ಅದು ನಿಜವೂ ಆಗಿತ್ತು. ಆದರೆ ಹಸಿರು ಬಾವುಟ ಬೀಳುವ ಮುಂಚೆಯೇ ಮೊದಲ ಸಾಲಿನಲ್ಲೇ ಚಕ್ರಕ್ಕೆ ಚಕ್ರ ತಾಗಿತು. ಹಿಂದಿನಿಂದ ಬಂದ ಕಾರುಗಳು ಒಂದರ ಮೇಲೊಂದು ನುಗ್ಗಿ ಟ್ರ್ಯಾಕ್ ತುಂಬ ಚೂರು. ರೇಸ್ ನಿಲ್ಲಿಸಿ, ಬದಲಿ ಕಾರುಗಳನ್ನು ಹೊರಗೆ ತಂದು ಮತ್ತೆ ಶುರು ಮಾಡಿದರು. ಜಿಮ್ಮಿ ವಾಸರ್ ಗೆದ್ದ.

ಇತ್ತ ಇಂಡಿಯಾನಾಪೊಲಿಸ್‌ನಲ್ಲಿ 33ರಲ್ಲಿ 17 ಜನ ಹೊಸಬರು. ಪೋಲ್ ಗಳಿಸಿದ್ದ ಸ್ಕಾಟ್ ಬ್ರೇಟನ್ ರೇಸಿಗೆ ಕೆಲವೇ ದಿನ ಮುಂಚೆ ಅಭ್ಯಾಸದಲ್ಲಿ ಅಪಘಾತವಾಗಿ ತೀರಿಕೊಂಡಿದ್ದ. ಗೆದ್ದವನು ಬಡ್ಡಿ ಲಜಿಯರ್. ಎರಡು ತಿಂಗಳ ಹಿಂದೆ ಫೀನಿಕ್ಸ್‌ನಲ್ಲಿ ಗುದ್ದಿ ಅವನ ಬೆನ್ನುಮೂಳೆ ಮುರಿದಿತ್ತು. ಅದೇ ಬೆನ್ನಿಟ್ಟುಕೊಂಡು 804 ಕಿಲೋಮೀಟರ್ ಓಡಿಸಿದ. ಕಾರ್ಟ್ ಅಭಿಮಾನಿಗಳು "ಇವರೆಲ್ಲ ಯಾರು?" ಅಂತ ನಕ್ಕರು. ಲಜಿಯರ್ ಬೆನ್ನನ್ನು ನೆನೆದರೆ ಆ ನಗು ನನಗೆ ಸರಿಕಾಣೋದಿಲ್ಲ. ಅತ್ತ ಐಆರ್‌ಎಲ್ ಅಭಿಮಾನಿಗಳು "ದೊಡ್ಡ ಡ್ರೈವರುಗಳಂತೆ, ನೆಟ್ಟಗೆ ಹೊರಡೋಕೂ ಬರಲಿಲ್ಲ" ಅಂತ ನಕ್ಕರು. ಎರಡೂ ಕಡೆ ನಗು ಆ ದಿನವೇ ಶುರು.

ಮುಂದಿನ ವರ್ಷ ಬೇಲಿ ಗಟ್ಟಿಯಾಯಿತು. ಸರಣಿಗಳ ಜಗಳದಲ್ಲಿ ನಿಜವಾದ ಬೇಲಿ ಅಂದರೆ ಎಂಜಿನ್ ನಿಯಮ. ಕಾರ್ಟ್‌ನದ್ದು 2.65 ಲೀಟರಿನ ಟರ್ಬೊ ಎಂಜಿನ್. 1997ರಿಂದ ಐಆರ್‌ಎಲ್ 4 ಲೀಟರಿನ, ಟರ್ಬೊ ಇಲ್ಲದ ಎಂಜಿನ್ ತಂದಿತು, ಚಾಸಿಯೂ ಹೊಸದು. ಇನ್ನು ಇಂಡಿಗೆ ಹೋಗಬೇಕೆಂದರೆ ಮನಸ್ಸು ಇದ್ದರೆ ಸಾಲದು. ಬೇರೆ ಕಾರು ಕೊಳ್ಳಬೇಕು, ಬೇರೆ ಎಂಜಿನ್ ಕೊಳ್ಳಬೇಕು. ಆ ಒಂದು ರೇಸಿಗೆ ಅಷ್ಟು ದುಡ್ಡು ಯಾರು ಹಾಕುತ್ತಾರೆ?

ಹೆಸರಿಗೂ ಹೊಡೆದಾಟ. ನಮ್ಮ ಕಡೆ ಕೂಡುಕುಟುಂಬ ಹಿಸ್ಸೆ ಆಗುವಾಗ ತೋಟ, ಗದ್ದೆ ಹೇಗೋ ಹಂಚಿಹೋಗುತ್ತದೆ. ಮೂಲಮನೆಯ ಹೆಸರು ಯಾರಿಗೆ ಅನ್ನುವಲ್ಲಿ ಮಾತು ಬಿರುಸಾಗುತ್ತದೆ. 'ಇಂಡಿಕಾರ್' ಅನ್ನೋ ಹೆಸರು ಟ್ರ್ಯಾಕಿನವರದ್ದು, ಬಳಸುತ್ತಿದ್ದದ್ದು ಕಾರ್ಟ್. ಕೋರ್ಟಿಗೆ ಹೋಗಿ ರಾಜಿಯಾಯಿತು. ಕಾರ್ಟ್ ಆ ಹೆಸರು ಬಿಡಬೇಕು, ಐಆರ್‌ಎಲ್ ಕೂಡ 2002 ಮುಗಿಯುವವರೆಗೆ ಬಳಸಬಾರದು. ಆರು ವರ್ಷ ಇಂಡಿಕಾರ್ ಅಂತ ಕರೆಯೋಕೆ ಒಂದು ಸರಣಿಯೂ ಇರಲಿಲ್ಲ. ಟಿ.ವಿ. ಹಚ್ಚಿದ ಸಾಮಾನ್ಯ ಮನುಷ್ಯನಿಗೆ ಯಾವುದು ಯಾವುದು ಅಂತಲೇ ತಿಳಿಯುತ್ತಿರಲಿಲ್ಲ. ಒಂದು ಕಡೆ ಹೆಸರಾಂತ ರೇಸ್ ಇದೆ, ಹೆಸರಾಂತ ಡ್ರೈವರ್ ಇಲ್ಲ. ಇನ್ನೊಂದು ಕಡೆ ಡ್ರೈವರುಗಳಿದ್ದಾರೆ, ರೇಸ್ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತೇವಲ್ಲ, ಇಲ್ಲಿ ಕೂಸು ಅಭಿಮಾನಿಯೇ. ಎಷ್ಟೋ ಜನ ಬೇಸತ್ತು ನಾಸ್ಕಾರ್ ಅನ್ನೋ, ಚಕ್ರ ಬಾಡಿಯೊಳಗಿರುವ ಕಾರುಗಳ ರೇಸ್ ನೋಡಲು ಹೋದರು. ಐಆರ್‌ಎಲ್ ಯಾರಿಗಾಗಿ ಹುಟ್ಟಿತು ಅಂದಿದ್ದರೋ ಅಂಥ ಅಪ್ಪಟ ಅಮೆರಿಕನ್ ಹುಡುಗ ಟೋನಿ ಸ್ಟೀವರ್ಟ್ ಕೂಡ ಐಆರ್‌ಎಲ್ ಚಾಂಪಿಯನ್ ಆಗಿ, 1999ರ ಹೊತ್ತಿಗೆ ನಾಸ್ಕಾರ್ ಸೇರಿದ.

ತೇರಿಲ್ಲದೆ ಎಷ್ಟು ದಿನ ಇರೋಕಾಗುತ್ತದೆ? 2000ದಲ್ಲಿ ಕಾರ್ಟ್‌ನ ಗನಾಸಿ ತಂಡ ಬೇರೆ ಕಾರು ಕೊಂಡು ಇಂಡಿಗೆ ಬಂತು. ಹುವಾನ್ ಪಾಬ್ಲೊ ಮೊಂಟೋಯಾ 200 ಸುತ್ತಿನಲ್ಲಿ 167 ಸುತ್ತು ಮುಂದಿದ್ದು ಗೆದ್ದ. 2001ರಲ್ಲಿ ಪೆನ್ಸ್ಕೆ ಬಂದರು, ಅವರ ಡ್ರೈವರ್ ಎಲಿಯೊ ಕ್ಯಾಸ್ಟ್ರೊನೆವೆಸ್ ಗೆದ್ದ. ಮರುವರ್ಷ ಪೆನ್ಸ್ಕೆ ಪೂರ್ತಿ ಐಆರ್‌ಎಲ್‌ಗೇ ಸೇರಿಬಿಟ್ಟರು.

ಆ 2002ರ ಇಂಡಿ 500ರ ಕೊನೆಯ ಎರಡು ಸುತ್ತು ಇಡೀ ಜಗಳದ ಪ್ರತಿರೂಪ. 199ನೇ ಸುತ್ತು. ಕ್ಯಾಸ್ಟ್ರೊನೆವೆಸ್ ಮುಂದಿದ್ದಾನೆ, ಪೆಟ್ರೋಲ್‌ನ ಬದಲು ಬಳಸುವ ಇಂಧನ ತಳ ಕಂಡಿದೆ, ಪೂರ್ತಿ ಒತ್ತುವ ಹಾಗಿಲ್ಲ. ಹಿಂದೆ ಕಾರ್ಟ್ ತಂಡದಿಂದ ಬಂದ ಪಾಲ್ ಟ್ರೇಸಿ. ಮೂರನೇ ತಿರುವಿನಲ್ಲಿ ಟ್ರೇಸಿ ಹೊರಬದಿಯಿಂದ ನುಗ್ಗಿದ. ಸರಿಯಾಗಿ ಅದೇ ಗಳಿಗೆಯಲ್ಲಿ ಎರಡನೇ ತಿರುವಿನ ಬಳಿ ಬೇರೆ ಎರಡು ಕಾರು ಗುದ್ದಿಕೊಂಡವು. ಹಳದಿ ದೀಪ ಹತ್ತಿತು. ಹಳದಿ ಹತ್ತಿದ ಮೇಲೆ ಯಾರೂ ಯಾರನ್ನೂ ದಾಟುವಂತಿಲ್ಲ. ದೀಪ ಹತ್ತಿದಾಗ ಯಾರು ಮುಂದಿದ್ದರು? ಕ್ಯಾಸ್ಟ್ರೊನೆವೆಸ್ ಅಂದರು ಅಧಿಕಾರಿಗಳು. ಟ್ರೇಸಿ ತಂಡ ಮೇಲ್ಮನವಿ ಹಾಕಿತು. ಜುಲೈನಲ್ಲಿ ತೀರ್ಪು ಕೊಟ್ಟವನು ಸ್ವತಃ ಟೋನಿ ಜಾರ್ಜ್. ಗೆಲುವು ಕ್ಯಾಸ್ಟ್ರೊನೆವೆಸ್‌ಗೇ ಉಳಿಯಿತು. ಒಡಕಿಲ್ಲದ ಕಾಲದಲ್ಲಿ ಇದು ಒಂದು ಕಷ್ಟದ ತೀರ್ಪು ಅಷ್ಟೇ ಆಗಿರುತ್ತಿತ್ತು. ಒಡೆದ ಮನೆಯಲ್ಲಿ ಅದು "ನಮ್ಮವನಿಗೆ ಮೋಸ ಮಾಡಿದರು" ಅಂತ ಆಯ್ತು.

ಆಮೇಲೆ ಕಾರ್ಟ್ ಬೇಗ ಸೊರಗಿತು. 2003ಕ್ಕೆ ಗನಾಸಿ ಹೋಯಿತು, ಹೋಂಡಾ ಹೋಯಿತು, ಟೊಯೊಟಾ ಹೋಯಿತು. ಆ ವರ್ಷದ ಕೊನೆಗೆ ಕಾರ್ಟ್ ದಿವಾಳಿ. ಕೆಲವು ಮಾಲೀಕರು ಉಳಿದದ್ದನ್ನು ಕೊಂಡು ಚಾಂಪ್ ಕಾರ್ ಅನ್ನೋ ಹೆಸರಲ್ಲಿ ನಾಲ್ಕು ವರ್ಷ ನಡೆಸಿದರು. ನಾಲ್ಕೂ ವರ್ಷ ಸೆಬಾಸ್ಟಿಯನ್ ಬೋರ್ಡೆಯೇ ಚಾಂಪಿಯನ್. ಗೆದ್ದ ಐಆರ್‌ಎಲ್ ಕೂಡ ಟೋನಿ ಜಾರ್ಜ್ ಕಟ್ಟಿದ ಐಆರ್‌ಎಲ್ ಆಗಿ ಉಳಿದಿರಲಿಲ್ಲ. ಕಾರ್ಟ್‌ನ ತಂಡಗಳು, ಹೊರದೇಶದ ಡ್ರೈವರುಗಳು, 2005ರಿಂದ ರಸ್ತೆ ಟ್ರ್ಯಾಕುಗಳೂ ಬಂದವು. ಯಾವುದನ್ನು ದೂರ ಇಡಬೇಕು ಅಂತ ಮನೆ ಒಡೆದನೋ ಅದೆಲ್ಲ ಮನೆಯೊಳಗೇ ಬಂತು.

ಇದೇ ವರ್ಷಗಳಲ್ಲಿ ಆ ಟ್ರ್ಯಾಕಿಗೆ ಎಫ್ ಒನ್ ಕೂಡ ಬರುತ್ತಿತ್ತು, 2000ದಿಂದ 2007ರವರೆಗೆ. ನಮಗೆ ಅದರಲ್ಲಿ ಒಂದು ನೆನಪಿದೆ. 2005ರಲ್ಲಿ ಮಿಶೆಲಿನ್ ಟೈರುಗಳು ಒಂದು ಬದಿಗೆ ಇಳಿಜಾರಾಗಿ ಕಟ್ಟಿದ ತಿರುವಿನಲ್ಲಿ ತಾಳಲಿಲ್ಲ. 14 ಕಾರು ಹೊರಗುಳಿದು ಆರೇ ಕಾರು ಓಡಿದವು. ಅದರಲ್ಲಿ ನರೇನ್ ಕಾರ್ತಿಕೇಯನ್ ನಾಲ್ಕನೆಯವನಾಗಿ ಐದು ಅಂಕ ಪಡೆದ. ಎಫ್ ಒನ್‌ನಲ್ಲಿ ಭಾರತೀಯನೊಬ್ಬನ ಮೊದಲ ಅಂಕಗಳು ಬಂದದ್ದು ಇಂಡಿಯಾನಾಪೊಲಿಸ್‌ನಲ್ಲಿ.

ಎಫ್ ಒನ್‌ನಲ್ಲಿ ಇಂಥ ಒಡಕು ಬರಲಿಲ್ಲವೇ? ಅಂಚಿನವರೆಗೆ ಬಂದಿತ್ತು. 1980ರ ಹೊತ್ತಿಗೆ ಫೀಸಾ ಅನ್ನೋ ಆಡಳಿತ ಸಂಸ್ಥೆಗೂ ಫೋಕಾ ಅನ್ನೋ ತಂಡಗಳ ಕೂಟಕ್ಕೂ ಜಗಳ. ರೇಸುಗಳು ಲೆಕ್ಕಕ್ಕಿಲ್ಲದೆ ಹೋದವು. 1981ರಲ್ಲಿ ಕಾಂಕಾರ್ಡ್ ಒಪ್ಪಂದ ಆಯಿತು. 1982ರ ಸ್ಯಾನ್ ಮರಿನೊದಲ್ಲಿ ಮತ್ತೆ ಬಹಿಷ್ಕಾರ, 14 ಕಾರಷ್ಟೇ ಓಡಿದವು. 2009ರಲ್ಲಿ ತಂಡಗಳು ಬೇರೆ ಸರಣಿ ಕಟ್ಟುತ್ತೇವೆ ಅಂದರು. ಆದರೂ ಒಡೆಯಲಿಲ್ಲ. ನನ್ನ ಲೆಕ್ಕದಲ್ಲಿ ಕಾರಣ ಇಷ್ಟೇ: ಅಲ್ಲಿ ಒಬ್ಬನ ಕೈಲಿ ಹಿಡಿದುಕೊಂಡು ಹೋಗುವಂಥ ಒಂದು ತೇರು ಇರಲಿಲ್ಲ. ಬೇರೆ ಹೋದರೆ ಇಬ್ಬರಿಗೂ ಕೈ ಬರಿದು.

2008ರ ಫೆಬ್ರವರಿಯಲ್ಲಿ ಅಮೆರಿಕದ ಎರಡೂ ಸರಣಿ ಒಂದಾದವು. ತಾರೀಕುಗಳನ್ನು ಬದಲಿಸೋಕೆ ಹೊತ್ತಿರಲಿಲ್ಲ. ಹಾಗಾಗಿ ಏಪ್ರಿಲ್‌ನ ಒಂದೇ ವಾರಾಂತ್ಯಕ್ಕೆ ಎರಡು ರೇಸ್. ಒಂದು ಜಪಾನಿನ ಮೊಟೆಗಿಯಲ್ಲಿ, ಹಳೆ ಐಆರ್‌ಎಲ್ ತಂಡಗಳಿಗೆ. ಇನ್ನೊಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ, ಹಳೆ ಚಾಂಪ್ ಕಾರ್ ತಂಡಗಳಿಗೆ. ಎರಡರ ಅಂಕಗಳೂ ಒಂದೇ ಪಟ್ಟಿಗೆ. ಮೊಟೆಗಿಯಲ್ಲಿ ಡ್ಯಾನಿಕಾ ಪ್ಯಾಟ್ರಿಕ್ ಗೆದ್ದಳು, ಇಂಡಿಕಾರ್ ರೇಸ್ ಗೆದ್ದ ಮೊದಲ ಹೆಣ್ಣುಮಗಳು. ಲಾಂಗ್ ಬೀಚ್‌ನಲ್ಲಿ ವಿಲ್ ಪವರ್ ಗೆದ್ದ.

"ಹಾಗಾದ್ರೆ ಈಗ ಆ ಟ್ರ್ಯಾಕ್ ಯಾರದ್ದು ಮಾವ?" ಅಂದ ಹುಡುಗ.

2020ರ ಜನವರಿಯಲ್ಲಿ ಟ್ರ್ಯಾಕೂ ಸರಣಿಯೂ ಎರಡೂ ರೋಜರ್ ಪೆನ್ಸ್ಕೆಯವರ ಕೈಗೆ ಬಂದವು. 1978ರಲ್ಲಿ ಗುಡಿಯವರ ಮೇಲೆ ಸಿಟ್ಟಾಗಿ ಹೊರಗೆ ಹೋದ ಗುಂಪಿನಲ್ಲಿದ್ದ ಅದೇ ಪೆನ್ಸ್ಕೆ.

ಅಷ್ಟರಲ್ಲಿ ಕರೆಂಟ್ ಬಂತು. ಅವನು ಮಲಗಲು ಹೋಗಲಿಲ್ಲ. "ಆ 2002ರದ್ದು ವಿಡಿಯೊ ಇದ್ಯಾ?" ಅಂದ. ಮೊಬೈಲಿನಲ್ಲಿ ಹುಡುಕಿ ಹಚ್ಚಿದೆ. ಮೂರನೇ ತಿರುವು ಬಂದಾಗಲೆಲ್ಲ ಬೆರಳಿಟ್ಟು ನಿಲ್ಲಿಸಿದ. ಆರು ಸಲ ನೋಡಿದೆವು.

"ಟ್ರೇಸಿನೇ ಮುಂದಿದ್ದ ಮಾವ. ಸರಿಯಾಗಿ ನೋಡಿ."

"ಅವನ ಕಾರು ಬಿಟ್ಟು ದೀಪ ನೋಡೋ," ಅಂದೆ ನಾನು.